ಮೊದಲ ಸಲ ವಾರ್ಡ್ ಪೋಸ್ಟಿಂಗ್‌ಗೆ ಹೋಗುವವರಿಗೆ

ಎಂಬಿಬಿಎಸ್ ಜೂನಿಯರ್‌ಗಳೇ, ಮೆಡಿಸಿನ್ ವಾರ್ಡಿಗೆ ಹೋಗುವ ಮುಂಚೆ ಸೆಕೆಂಡ್ ಮುಳ್ಳಿರುವ ಒಂದು ವಾಚ್ ತಗೊಳ್ಳಿ. ದುಬಾರಿ ಸ್ಟೆತ್ ಆಮೇಲೆ ನೋಡಿಕೊಳ್ಳೋಣ.

ಉಸಿರಾಟ ಎಣಿಸುತ್ತಿದ್ದೀರಿ ಅಂತ ರೋಗಿಗೆ ಗೊತ್ತಾದರೆ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡಬೇಡಿ. ಕೈ ಅಲ್ಲೇ ಇರಲಿ, ಕಣ್ಣು ಎದೆ, ಹೊಟ್ಟೆಯ ಏರಿಳಿತದ ಮೇಲಿರಲಿ. ಪೂರ್ತಿ ಒಂದು ನಿಮಿಷ ಎಣಿಸಿ. ಆರಾಮಾಗಿ ಮಲಗಿರುವ ವಯಸ್ಕರಲ್ಲಿ ಸುಮಾರು 12ರಿಂದ 20 ಸಹಜ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವವರೇ ಜಾಸ್ತಿ. ಅದರಲ್ಲಿ ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ!

ಹಿಸ್ಟರಿ, ಅಂದರೆ ರೋಗಿಯ ಕಾಯಿಲೆಯ ಹಿನ್ನೆಲೆ, ತಗೊಳ್ಳುವಾಗ "ಯಾವ ಮಾತ್ರೆ ತಗೋತೀರಿ ಅಜ್ಜಿ?" ಅಂದರೆ "ಬಿಳೀದು ಕಣಪ್ಪ" ಅಂತಾರೆ, ಅಷ್ಟೇ. "ಮಾತ್ರೆ ಕವರ್ ಇದ್ಯಾ, ನೋಡಬಹುದಾ?" ಅಂತ ಕೇಳಿ. ಹಳೇ ಚೀಟಿ, ಅರ್ಧ ಮುಗಿದ ಸ್ಟ್ರಿಪ್ ಎಲ್ಲ ಅದರಲ್ಲೇ ಇರುತ್ತವೆ. ನಡುವೆ ಬಿಟ್ಟಿದ್ರಾ, ನಾಟಿ ಔಷಧಿ ತಗೊಂಡಿದ್ರಾ ಅಂತಲೂ ಕೇಳಿ. ಗದರಿಸುವ ದನಿ ಬೇಡ, ಗದರಿಸಿದರೆ ಮುಚ್ಚಿಡುತ್ತಾರೆ. ಕುಡಿತದ ವಿಷಯವನ್ನು ಮನೆಯವರ ಎದುರು ಎತ್ತಲೇಬೇಡಿ.

ಇನ್ನೊಂದು. ಗುಲ್ಮ (ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಅಂಗ, ಸ್ಪ್ಲೀನ್) ದೊಡ್ಡದಾಗಿರುವ ರೋಗಿ ಸಿಕ್ಕರೆ ಅದು ಕೈಗೆ ಸಿಗುತ್ತಾ ಅಂತ ಇಡೀ ಬ್ಯಾಚ್ ಸಾಲಾಗಿ ಹೋಗಿ ಹೊಟ್ಟೆ ಒತ್ತುತ್ತದೆ. ಪಾಪ, ಅವರಿಗೆ ನೋವಾಗಲ್ವಾ? ಮೊದಲು ಒಪ್ಪಿಗೆ ಕೇಳಿ, ಬೇಡ ಅಂದರೆ ಮುಂದಿನ ಹಾಸಿಗೆಗೆ ಹೋಗಿ. ಕೇಸ್ ಶೀಟ್ ಬೇಕಿದ್ದರೆ ಸಿಸ್ಟರ್‌ಗೆ ಹೇಳಿಯೇ ತೆಗೆಯಿರಿ, ರೌಂಡ್ಸ್ ಶುರುವಾಗುವ ಮೊದಲು ವಾಪಸ್ ಇಡಿ.