ಬಳ್ಳಾರಿ-ರಾಯಚೂರಿನ ಧಗೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್‌ಗೆ ಕಾವು, ಬೆಳಕು ಹೊಂದಿಸುವುದು

"ನಮ್ಮೂರ ಬಿಸಿಲಿಗೆ ಮನುಷ್ಯರೇ ಬೇಯ್ತಾರ, ಇದಕ್ಕ ಬ್ಯಾರೆ ಲೈಟ್ ಯಾಕ್ರಿ?" ಈ ಭಾಗದಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾದ ಓತಿಕ್ಯಾತವನ್ನು ಸಾಕಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಲೈಟ್ ಬೇಕು, ಆದರೆ ಪರದೇಶದವರು ಹೇಳುವ ಲೆಕ್ಕದಲ್ಲಲ್ಲ. ಅವರ ಮನೆ 20 ಡಿಗ್ರಿ ಇರುತ್ತದೆ, ಅವರಿಗೆ ಗೂಡು ಬಿಸಿ ಮಾಡುವ ಚಿಂತೆ. ನಮಗೆ ಗೂಡಿನ ಒಂದು ಬದಿಯನ್ನಾದರೂ ತಂಪಾಗಿ ಉಳಿಸಿಕೊಳ್ಳುವ ಚಿಂತೆ.

ಆನೆಗೊಂದಿಯ ಬಂಡೆಗಳ ಮೇಲೆ ಕೂರುವ ಓತಿಕ್ಯಾತವನ್ನು ನೋಡಿದವರಿಗೆ ಅರ್ಧ ವಿಷಯ ಗೊತ್ತಿದ್ದಂತೆ. ಬೆಳಿಗ್ಗೆ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ ಬಂಡೆಗೆ ಅಂಟಿಕೊಳ್ಳುತ್ತದೆ, ಬಿಸಿಲೇರಿದ ಮೇಲೆ ಸಂದಿಗೆ ಜಾರುತ್ತದೆ. ಆಸ್ಟ್ರೇಲಿಯಾದ ಒಳನಾಡಿನ ಡ್ರ್ಯಾಗನ್ ಇದರದೇ ಕುಟುಂಬದ್ದು, ಚಾಳಿಯೂ ಇದರದೇ. ಸುಡುವ ಕಲ್ಲೂ ಬೇಕು, ತಪ್ಪಿಸಿಕೊಳ್ಳಲು ಸಂದಿಯೂ ಬೇಕು. 2 ಅಡಿ ಉದ್ದದ ಮೀನಿನ ತೊಟ್ಟಿಯಲ್ಲಿ ಎರಡೂ ಹಿಡಿಸುವುದಿಲ್ಲ. ಬೆಳೆದ ಡ್ರ್ಯಾಗನ್‌ಗೆ ಕನಿಷ್ಠ 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ ಇರಲಿ. ಮೇಲೆ ಜಾಳಿಗೆ.

ಮೊದಲು ಕೋಣೆಯನ್ನು ಅಳೆಯಿರಿ

ಬಲ್ಬು ಕೊಳ್ಳುವ ಮೊದಲು ಗೂಡು ಇಡುವ ಜಾಗದಲ್ಲಿ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 10ಕ್ಕೆ ಎಷ್ಟು ಡಿಗ್ರಿ ಇದೆಯೆಂದು ನಾಲ್ಕು ದಿನ ಬರೆದಿಡಿ. ಗೂಡಿನ ತಂಪು ಬದಿ ತಾನಾಗಿ ಕೋಣೆಗಿಂತ ತಂಪಾಗಿರಲು ಸಾಧ್ಯವೇ ಇಲ್ಲ. ಕೋಣೆ 36 ಇದ್ದರೆ ತಂಪು ಬದಿಯೂ 36ರ ಮೇಲೆಯೇ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ, ಪಡುವಣ ಗೋಡೆಯ ಬದಿ ಎರಡೂ ಬೇಡ. ಹಗಲು ಕುಡಿದ ಕಾವನ್ನು ಅವು ಮಧ್ಯರಾತ್ರಿವರೆಗೂ ಉಗುಳುತ್ತವೆ.

ಬೇಕಾದ ಅಂಕಿಗಳು ಇಷ್ಟೇ. ಕಾಯಿಸಿಕೊಳ್ಳುವ ಕಲ್ಲಿನ ಮೇಲ್ಮೈ ದೊಡ್ಡದಕ್ಕೆ 38ರಿಂದ 42 ಡಿಗ್ರಿ ಸೆಲ್ಸಿಯಸ್, ಮರಿಗೆ 40ರಿಂದ 43. ಎದುರಿನ ತಂಪು ಬದಿಯ ಗಾಳಿ 25ರಿಂದ 29. ಕಲ್ಲನ್ನು ಅಳೆಯಲು ಇನ್‌ಫ್ರಾರೆಡ್ ಗನ್, ಗಾಳಿಗೆ ವೈರಿನ ತುದಿಯ ಡಿಜಿಟಲ್ ಥರ್ಮಾಮೀಟರ್. ಗಾಜಿಗೆ ಅಂಟಿಸುವ ದುಂಡು ಮೀಟರ್ ಗಾಜಿನ ಕಾವನ್ನಷ್ಟೇ ಹೇಳುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ.

ಕಾವಿನ ಬಲ್ಬು

ಬಿಳಿ ಬೆಳಕಿನ ಹ್ಯಾಲೊಜೆನ್ ಸ್ಪಾಟ್ ಬಲ್ಬು ಒಳ್ಳೆಯದು, ಸಿಗದಿದ್ದರೆ ಹಳೇ ಕಾಲದ ಹಳದಿ ತಂತಿ ಬಲ್ಬೂ ಆದೀತು. ಎಲ್‌ಇಡಿಯಿಂದ ಕಲ್ಲು ಕಾಯುವುದಿಲ್ಲ. ಚಳಿಗಾಲದಲ್ಲಿ 75 ವ್ಯಾಟ್, ಮಳೆಗಾಲದಲ್ಲಿ 50, ಬೇಸಿಗೆಯಲ್ಲಿ 35 ಇಟ್ಟು ಶುರು ಮಾಡಿ. ಕೊನೆಯ ಮಾತು ಗನ್ ತೋರಿಸುವ ಅಂಕಿಯದು. ಹೋಲ್ಡರ್ ಪಿಂಗಾಣಿಯದೇ ಆಗಬೇಕು. ಪ್ಲಾಸ್ಟಿಕ್ ಹೋಲ್ಡರ್ ತಿಂಗಳೊಪ್ಪತ್ತಿನಲ್ಲಿ ಮೆತ್ತಗಾಗಿ ಬಲ್ಬನ್ನು ಕೆಳಗೆ ಬಿಡುತ್ತದೆ.

ಬಲ್ಬಿನ ಕೆಳಗೆ ಶಹಾಬಾದ್ ಪರಸಿಯ ಒಂದು ತುಂಡು, ಸುಮಾರು 30 ಸೆಂ.ಮೀ. ಚೌಕದ್ದು, ಇಡಿ. ಅದನ್ನು ಮಣ್ಣಿನ ಮೇಲಿಡಬಾರದು. ಗೂಡಿನ ತಳಕ್ಕೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಪರಸಿ, ಆಮೇಲೆ ಸುತ್ತ ಮಣ್ಣು. ಡ್ರ್ಯಾಗನ್ ತೋಡುವ ಪ್ರಾಣಿ. ಮಣ್ಣಿನ ಮೇಲಿನ ಕಲ್ಲಿನ ಬುಡ ತೋಡಿದರೆ ಅದರಡಿಯೇ ಸಿಕ್ಕಿಬೀಳುತ್ತದೆ. ಬಲ್ಬು ಹಚ್ಚಿ ಒಂದು ತಾಸು ಬಿಟ್ಟು ಗನ್ ಹಿಡಿಯಿರಿ. 45 ತೋರಿಸಿತೋ, ಬಲ್ಬು ಮೇಲೇರಿಸಿ ಅಥವಾ ಡಿಮ್ಮರ್ ತಗ್ಗಿಸಿ. ಥರ್ಮೋಸ್ಟಾಟ್ ಹಾಕುವುದಾದರೆ ಬೆಳಕು ತಗ್ಗಿಸುವ ಜಾತಿಯದು ಬೇಕು. ಆನ್-ಆಫ್ ಆಗುವುದಕ್ಕೆ ಕಟ್ಟಿದ ಬಲ್ಬು ದಿನವಿಡೀ ಮಿಣುಕಿ ಬೇಗ ಸುಟ್ಟುಹೋಗುತ್ತದೆ.

ಒಳಗಿನಿಂದ ಕಾಯುವ ಕರೆಂಟಿನ ಕಲ್ಲು ಮಾತ್ರ ಬೇಡವೇ ಬೇಡ. ಹೊಟ್ಟೆ ಸುಡುತ್ತಿದ್ದರೂ ಈ ಪ್ರಾಣಿ ಎಷ್ಟೋ ಸಲ ಜಾಗ ಬಿಟ್ಟು ಏಳುವುದಿಲ್ಲ. ಕಾವು ಮತ್ತು ಯುವಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಎರಡನ್ನೂ ಒಟ್ಟಿಗೆ ಕೊಡುವ ಪಾದರಸದ ಬಲ್ಬೂ ನಮ್ಮ ಸೀಮೆಗೆ ಹೊಂದುವುದಿಲ್ಲ. ಅದನ್ನು ಡಿಮ್ ಮಾಡಲಾಗದು. ಮೇ ತಿಂಗಳಲ್ಲಿ ಕಾವು ಬೇಡವೆಂದು ಆರಿಸಿದರೆ ಯುವಿಯೂ ಹೋಯಿತು.

ಯುವಿಬಿ ಟ್ಯೂಬು

ಹೆಚ್ಚು ಡ್ರ್ಯಾಗನ್‌ಗಳು ಕೆಡುವುದು ಇಲ್ಲಿಯೇ. ಯುವಿಯ ಒಂದು ಬಗೆಯಾದ ಯುವಿಬಿ ಮೈಮೇಲೆ ಬಿದ್ದರಷ್ಟೇ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದು, ಡಿ3 ಇದ್ದರಷ್ಟೇ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುವುದು. ಇಲ್ಲದಿದ್ದರೆ ಎಷ್ಟು ಪುಡಿ ಉದುರಿಸಿದರೂ ಕಾಲು ನಡುಗುತ್ತದೆ, ಕೆಳದವಡೆ ಮೆತ್ತಗಾಗುತ್ತದೆ, ಹೊಟ್ಟೆ ನೆಲ ಬಿಟ್ಟೇಳುವುದಿಲ್ಲ. ಕಣ್ಣಿಗೆ ಕಾಣುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಕಂಡ ದಿನವೇ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ. ಕಿಟಕಿಯ ಪಕ್ಕ ಗೂಡಿಟ್ಟರೆ ಸಾಕು ಎನ್ನುವವರಿದ್ದಾರೆ. ಗಾಜು ಯುವಿಬಿಯನ್ನು ತಡೆದು ಕಾವನ್ನಷ್ಟೇ ಒಳಬಿಡುತ್ತದೆ, ಅಂದರೆ ಬೇಕಾದ್ದು ಹೊರಗೆ, ಬೇಡದ್ದು ಒಳಗೆ.

ಕೊಳ್ಳಬೇಕಾದ್ದು ಸರೀಸೃಪಗಳಿಗೆಂದೇ ಮಾಡಿದ ಟಿ5 ಎಚ್‌ಒ (ತೆಳ್ಳನೆಯ, ಹೈ ಔಟ್‌ಪುಟ್) ಟ್ಯೂಬು, ಆರ್ಕೇಡಿಯಾ ಕಂಪನಿಯ 12 ಪರ್ಸೆಂಟ್ ಅಥವಾ ಝೂ ಮೆಡ್ ಕಂಪನಿಯ 10.0. 120 ಸೆಂ.ಮೀ. ಗೂಡಿಗೆ 39 ವ್ಯಾಟಿನದು, ಸುಮಾರು 85 ಸೆಂ.ಮೀ. ಉದ್ದ ಬರುತ್ತದೆ. ಅದಕ್ಕೆ ಅದರದೇ ಪಟ್ಟಿ ಬೇಕು, ಮನೆಯ ಎಲ್‌ಇಡಿ ಟ್ಯೂಬಿನ ಪಟ್ಟಿಗೆ ಕೂರುವುದಿಲ್ಲ. ಸುರುಳಿ ಆಕಾರದ ಸಣ್ಣ ಯುವಿ ಬಲ್ಬು ಒಂದು ಗೇಣು ದಾಟುವುದರೊಳಗೆ ಸೊರಗುತ್ತದೆ. ನೀರಿನ ಫಿಲ್ಟರ್‌ನೊಳಗಿನ ಯುವಿ ಟ್ಯೂಬನ್ನಂತೂ ಮುಟ್ಟಲೇಬೇಡಿ. ಅದು ಯುವಿಸಿ ಎಂಬ ಉಗ್ರ ಬಗೆಯ ಯುವಿ, ಪ್ರಾಣಿಯ ಕಣ್ಣಿಗೂ ನಿಮ್ಮ ಕಣ್ಣಿಗೂ ಕೇಡು.

ಟ್ಯೂಬನ್ನು ಕಾವಿನ ಬಲ್ಬು ಇರುವ ಬದಿಗೇ ಒತ್ತರಿಸಿ ಕಟ್ಟಿ, ಇನ್ನೊಂದು ತುದಿ ನೆರಳಾಗಿಯೇ ಉಳಿಯಲಿ. ದೂರ ಅಳೆಯುವಾಗ ಟೇಪನ್ನು ಕಲ್ಲಿನವರೆಗೆ ಇಳಿಸುವುದು ತಪ್ಪು, ಡ್ರ್ಯಾಗನ್‌ನ ಬೆನ್ನಿನವರೆಗೆ ಇಳಿಸಬೇಕು. ಬೆನ್ನು ಕಲ್ಲಿಗಿಂತ 4-5 ಸೆಂ.ಮೀ. ಮೇಲಿರುತ್ತದೆ. ಟ್ಯೂಬು ಜಾಳಿಗೆಯ ಮೇಲಿದ್ದರೆ ಬೆನ್ನಿಗೂ ಅದಕ್ಕೂ 25ರಿಂದ 30 ಸೆಂ.ಮೀ., ಜಾಳಿಗೆಯ ಒಳಗಿದ್ದರೆ 35ರಿಂದ 40. ಸಣ್ಣ ಕಣ್ಣಿನ ಜಾಳಿಗೆ ಯುವಿಯ ಮೂರನೇ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ನುಂಗುತ್ತದೆ. ಯುವಿ ಮೀಟರ್ ಸಿಕ್ಕರೆ ಬೆನ್ನಿನ ಮಟ್ಟದಲ್ಲಿ ಸೂಚ್ಯಂಕ 3ರಿಂದ 5 ಇರಬೇಕು. ಮೀಟರ್ ತುಟ್ಟಿ, ಮೂರ್ನಾಲ್ಕು ಸಾಕಣೆದಾರರು ಸೇರಿ ಒಂದು ತರಿಸಿಕೊಂಡರೆ ಆಯಿತು. ಮೀಟರ್ ಇಲ್ಲದವರು 12 ತಿಂಗಳಿಗೆ ಟ್ಯೂಬು ಬದಲಿಸಿ. ಬೆಳಕು ಹಾಗೇ ಇರುತ್ತದೆ, ಕುಗ್ಗುವುದು ಕಣ್ಣಿಗೆ ಕಾಣದ ಯುವಿ. ಅದಿರಿನ ಲಾರಿ ಓಡುವ ರಸ್ತೆ ಬದಿಯ ಮನೆಯಾದರೆ ವಾರಕ್ಕೊಮ್ಮೆ ಟ್ಯೂಬು ಆರಿಸಿ, ತಣ್ಣಗಾದ ಮೇಲೆ ಟ್ಯೂಬು, ಜಾಳಿಗೆ ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ. ಆ ಕೆಂಧೂಳೂ ಯುವಿ ತಿನ್ನುತ್ತದೆ.

ಏಪ್ರಿಲ್, ಮೇ

ಹೊರಗೆ 42 ದಾಟುವ ದಿನಗಳಲ್ಲಿ ಟ್ಯೂಬು 12ರಿಂದ 14 ತಾಸು ಉರಿಯಲಿ. ಕಾವಿನ ಬಲ್ಬು ಬೆಳಿಗ್ಗೆ 6:30ರಿಂದ 10:30ರವರೆಗೆ ಸಾಕು. ಅಷ್ಟರಲ್ಲಿ ಮೈ ಕಾಯಿಸಿಕೊಂಡು ತಿಂದು ಮುಗಿಸಿರುತ್ತದೆ. ಕೋಣೆ 35 ದಾಟಿದರೆ ಒದ್ದೆ ಬಟ್ಟೆ ಸುತ್ತಿದ ಐಸ್ ಬಾಟಲಿಯನ್ನು ತಂಪು ಬದಿಯ ಗಾಜಿಗೆ ಹೊರಗಿನಿಂದ ಆನಿಸಿಡಿ. ಏರ್ ಕೂಲರ್ ಕೋಣೆಯಲ್ಲಿ ಓಡಬಹುದು, ಗೂಡಿಗೆ ನೇರ ಮುಖ ಮಾಡುವುದು ಬೇಡ. ಮಳೆಗಾಲದಲ್ಲಿ ಕೂಲರ್ ಬಂದ್, ತೇವ ಕೂತರೆ ಪುಪ್ಪುಸಕ್ಕೆ ಕಫ ಕಟ್ಟುತ್ತದೆ.

ಕಲ್ಲಿನ ಮೇಲೆ ಬಾಯಿ ತೆರೆದು ಕೂತರೆ ಗಾಬರಿ ಬೇಡ, ಹೆಚ್ಚಾದ ಕಾವನ್ನು ಅದು ಹೊರಹಾಕುವ ರೀತಿ ಅದು. ತಂಪು ಬದಿಗೆ ಹೋಗಿಯೂ ಬಾಯಿ ತೆರೆದೇ ಇದ್ದರೆ ಗೂಡೆಲ್ಲ ಕಾದಿದೆ ಎಂದರ್ಥ, ಬಲ್ಬು ಆಗಲೇ ಆರಿಸಿ.

ಬೆಳಗಿನ ಎಳೆಬಿಸಿಲಿಗೆ 15-20 ನಿಮಿಷ ಒಯ್ಯುವುದು ಒಳ್ಳೆಯದು, ತಂತಿ ಜಾಳಿಗೆಯ ಪಂಜರದಲ್ಲಿ, ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಿ. ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟು ಒಳಗೆ ಚಹಾ ಕುಡಿಯಲು ಹೋದರೆ, ಬರುವಷ್ಟರಲ್ಲಿ ಪ್ರಾಣಿ ಉಳಿದಿರುವುದಿಲ್ಲ.

ರಾತ್ರಿ ಮತ್ತು ಕರೆಂಟು

ರಾತ್ರಿ ಪೂರ್ತಿ ಕತ್ತಲಿರಲಿ. ಕೆಂಪು, ನೀಲಿ ರಾತ್ರಿ ಬಲ್ಬು ಅದರ ನಿದ್ದೆ ಕೆಡಿಸುತ್ತವೆ. 18 ಡಿಗ್ರಿವರೆಗೆ ಇಳಿದರೂ ಆರೋಗ್ಯವಾದ ಡ್ರ್ಯಾಗನ್‌ಗೆ ತೊಂದರೆಯಿಲ್ಲ, ನಮ್ಮ ಕಡೆ ಬಾಗಿಲು ಮುಚ್ಚಿದ ಕೋಣೆ ಅಷ್ಟು ಇಳಿಯುವುದೇ ಅಪರೂಪ. ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಸೆರಾಮಿಕ್ ಹೀಟರ್‌ನ ದುಡ್ಡನ್ನು ಟ್ಯೂಬಿಗೆ ಹಾಕಿ.

ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆಂದು ಮನೆಯಲ್ಲಿ ಕರೆಂಟ್ ಹೋಗದೇ ಇರುವುದಿಲ್ಲ. 39 ವ್ಯಾಟಿನ ಟ್ಯೂಬನ್ನು ಇನ್ವರ್ಟರ್‌ಗೆ ಕೊಡಿ, ಕಾವಿನ ಬಲ್ಬು ಬೇಡ. ಟೈಮರ್ ಕೊಳ್ಳುವಾಗ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ಮುಳ್ಳು ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ದಿನಕ್ಕೆ ಎರಡು ತಾಸು ಕಡಿತವಾದರೂ ಆರನೇ ದಿನಕ್ಕೆ ಗೂಡಿನಲ್ಲಿ ನಡುರಾತ್ರಿಗೆ ಮಟಮಟ ಮಧ್ಯಾಹ್ನ.