ಪಳ್ಳದ ಪೆಟ್ಟಿಗೆ ಕೊನೆಗೂ ಕೂಗಿತು

"ಇದು ಆಟದ ಸಾಮಾನು ಮಾಷ್ಟ್ರೇ, ಪರಿಸರ ಪಾಠ ಅಲ್ಲ" ಎಂದವರೇ ಈಗ ಪೆಟ್ಟಿಗೆ ಒಂದು ವಾರಕ್ಕೆ ಕೊಡ್ತೀರಾ ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ, ಪಳ್ಳದ (ಮಳೆನೀರು ನಿಲ್ಲುವ ಹೊಂಡದ) ಜೀವಿಗಳ ಬಿಲ್ಲೆ ಇಟ್ಟರೆ ಅವುಗಳ ದನಿ ಬರುವ, ನಾನೇ ಮಾಡಿದ ಈ ಪೆಟ್ಟಿಗೆಯ ಬಗ್ಗೆ.

ನಮ್ಮದು ಕಾಸರಗೋಡಿನ ಒಳಗಿನ ಕನ್ನಡ ಶಾಲೆ. ಶಾಲೆಯ ಹಿಂಬದಿಗೆ ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಚಪ್ಪಟೆ ಗುಡ್ಡ, ಮಳೆಗಾಲದಲ್ಲಿ ಅದರ ಮೇಲೆ ಪಳ್ಳ ತುಂಬುತ್ತದೆ. ಆ ಪಳ್ಳದಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ಮಕ್ಕಳು ಕೈಯಾಡಿಸಿ ಕಲಿಯಬೇಕು, ಇಷ್ಟೇ ನನ್ನ ಆಸೆ.

ಮೊದಲು ಟ್ಯಾಬ್‌ಗೆ ಆ್ಯಪ್ ಮಾಡಿಸಿದೆವು. ಹದಿನೈದು ಸಾವಿರದ ಹತ್ತಿರ ಹೋಯಿತು. ಮಕ್ಕಳು ಕಪ್ಪೆಯನ್ನು ಒತ್ತಿ ಒತ್ತಿ ಅಂಕ ಗಳಿಸಿದರು, ಪಳ್ಳದ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಆರ್‌ಎಫ್‌ಐಡಿ ಬಿಲ್ಲೆಗಳು, ಮೆಟ್ರೋ ಕಾರ್ಡಿನ ಹಾಗೆ ಹತ್ತಿರ ತಂದರೆ ರೀಡರ್ ಗುರುತಿಸುವಂಥವು. ರೀಡರುಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಜಗಳ. ದೂರ ಇಟ್ಟರೆ ಪೆಟ್ಟಿಗೆ ಮಂಚದಷ್ಟು ದೊಡ್ಡದು.

ಕೊನೆಗೆ ಉಳಿದದ್ದು ಬಡವರ ದಾರಿ. ಪ್ರತಿ ಬಿಲ್ಲೆಯ ಹೊಟ್ಟೆಯಲ್ಲಿ ಒಂದು ರೆಸಿಸ್ಟರ್ (ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ), ಒಂದೊಂದರ ತಡೆ ಬೇರೆ ಬೇರೆ, ಅದರಿಂದಲೇ ಗುರುತು; ತಳದಲ್ಲಿ ಕರೆಂಟ್ ದಾಟಿಸಲು ಎರಡು ಅಯಸ್ಕಾಂತ. ಪೆಟ್ಟಿಗೆಯ ಮಿದುಳು ಆರ್ಡುಯಿನೊ ಊನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್; ಅದರಲ್ಲಿ ಇಂಥ ಅಳತೆ ಓದುವ ಅನಲಾಗ್ ಪಿನ್ ಆರು, ಹಾಗಾಗಿ ಬಿಲ್ಲೆಯೂ ಆರು: ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ, ಸೊಳ್ಳೆ, ಕಪ್ಪೆ, ನೀರೊಳ್ಳೆ ಹಾವು, ಮಿಂಚುಳ್ಳಿ. ರೆಸಿಸ್ಟರಿಗೆ ಒಂದು ರೂಪಾಯಿಯೂ ಬೀಳಲಿಲ್ಲ. ಬಿಲ್ಲೆಯ ಮೇಲೆ ಬರಹ ಇಲ್ಲ, ಚಿತ್ರ ಮಾತ್ರ. ತರಗತಿಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ ಮನೆಮಾತಿನವರೆಲ್ಲ ಇದ್ದಾರಲ್ವಾ.

ದನಿಗೆ ಡಿಎಫ್‌ಪ್ಲೇಯರ್ ಮಿನಿ, ಮೆಮೊರಿ ಕಾರ್ಡಿನಿಂದ ದನಿ ನುಡಿಸುವ ಪುಟ್ಟ ಬೋರ್ಡ್. ಅದು ಒಂದು ಸಲಕ್ಕೆ ಒಂದೇ ದನಿ ಹಾಡುತ್ತದೆ, ಬೆರೆಸುವುದಿಲ್ಲ. ದನಿ ಇರುವ ಪ್ರತಿ ಜೀವಿಗೂ ಒಂದೊಂದು ಹಾಕಿ, ಸ್ಪೀಕರ್ ಬೇರೆ ಬೇರೆ ಮೂಲೆಗೆ ಕೂರಿಸಿದೆ. ಖರ್ಚು ನಾನೂರು ಐನೂರು ಜಾಸ್ತಿ ಆಯಿತು. ಆದರೆ ಕಪ್ಪೆ ಈ ಕಡೆಯಿಂದ, ಮಿಂಚುಳ್ಳಿ ಆ ಕಡೆಯಿಂದ ಕೂಗುವಾಗ ಪೆಟ್ಟಿಗೆಗೆ ಜೀವ ಬಂತು. ಇದು ನನ್ನದೇ ತಲೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದರೂ ಮೊದಲ ವರ್ಷ ಸಪ್ಪೆ. ಬಿಲ್ಲೆ ತೆಗೆದರೆ ದನಿ ಥಟ್ಟನೆ ನಿಲ್ಲುತ್ತಿತ್ತು. ಮಕ್ಕಳಿಗೆ ಅದು ಬರೀ ಸ್ವಿಚ್ಚು. ಪಳ್ಳ ಹಾಗೆ ಕೆಡುವುದಿಲ್ಲ, ನಿಧಾನವಾಗಿ ಕೆಡುತ್ತದೆ. ಒಂದು ಕಡಿಮೆಯಾದರೆ ಇನ್ನೊಂದು ಏರುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲೇ ಬೆಳೆದು ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ಅದಕ್ಕೆ ಸ್ವಂತ ದನಿ ಇಲ್ಲ. ಪೆಟ್ಟಿಗೆಗೂ ಆ ನಿಧಾನ ಕಲಿಸಿದೆ: ಈಗ ಈ ಮರಿಯ ಬಿಲ್ಲೆ ತೆಗೆದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಸೊಳ್ಳೆಯ ಗುಂಯ್ ಮೆಲ್ಲನೆ ಏರುತ್ತದೆ, ವಾಲ್ಯೂಮ್ ಸುಮಾರು ಐದರಿಂದ ತುದಿಯ ಮೂವತ್ತರವರೆಗೆ. ಮಕ್ಕಳು ಕಿವಿ ಮುಚ್ಚಿಕೊಂಡು "ಯಾರು ತೆಗೆದದ್ದು, ವಾಪಸ್ ಇಡು ಮಾರಾಯ" ಎಂದು ಕಿರುಚಿದರು. ಯಾವುದನ್ನು ವಾಪಸ್ ಇಡಬೇಕು ಎಂದು ಅವರವರೇ ಜಗಳಾಡಿ ಕಂಡುಕೊಂಡರು. ನಾನು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು ತಡ ಮಾಡಿಸಬೇಕು ಎಂಬ ಲೆಕ್ಕ ಮಾತ್ರ ನನ್ನಲ್ಲೇ ಇರಲಿ.

ಒಂದು ತಮಾಷೆ. ಎಲ್ಲ ಬಿಲ್ಲೆ ತೆಗೆದು ಪೆಟ್ಟಿಗೆ ಮೌನವಾದಾಗ ಕರೆಂಟ್ ಎಳೆಯುವುದು ಕಡಿಮೆಯಾಗಿ ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತಿತ್ತು. ಬಿಲ್ಲೆ ವಾಪಸ್ ಇಟ್ಟರೂ ಪಳ್ಳ ಏಳುವುದಿಲ್ಲ. "ಸತ್ತದ್ದು ಸತ್ತೇ ಹೋಯ್ತಾ ಸರ್?" ಎಂದು ಒಬ್ಬಳು ಕೇಳಿದಳು. ಹಾಗೇ ಬಿಡೋಣವೇ ಎಂದು ಯೋಚಿಸಿ, ಕೊನೆಗೆ ಹಳೆ ಮೊಬೈಲ್ ಚಾರ್ಜರ್ ಹಾಕಿದೆ. ಜೂನ್ ತಿಂಗಳ ತೇವಕ್ಕೆ ಅಯಸ್ಕಾಂತದ ಮುಖ ಮಂಕಾಗಿ ರೀಡಿಂಗ್ ಅತ್ತಿತ್ತ ಓಡುತ್ತದೆ. ಅದಕ್ಕೆ ಏನು ಸವರುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

   

ಪೆಟ್ಟಿಗೆಯ ಒಟ್ಟು ಖರ್ಚು ಮೂರು ಮೂರೂವರೆ ಸಾವಿರ, ಪ್ಲೈವುಡ್ ತುಂಡು ಧರ್ಮಕ್ಕೆ ಸಿಕ್ಕಿದ್ದು ಬಿಟ್ಟು. ಸರ್ಕ್ಯೂಟ್ ಕೇಳಿದವರಿಗೆ ಕೊಡುತ್ತೇನೆ. ದನಿ ತುಂಬಿದ ಮೆಮೊರಿ ಕಾರ್ಡ್ ಕೊಡುವುದಿಲ್ಲ. ಮೊದಲ ಮಳೆಯ ರಾತ್ರಿ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ನಿಮ್ಮೂರಿನ ಪದವಿನ ಮೇಲೇ ಹೋಗಿ ರೆಕಾರ್ಡ್ ಮಾಡಿ. ಮೊಬೈಲ್ ಸಾಕು, ಕೊಡೆ ಮಾತ್ರ ಬೇಡ. ಅದರ ಮೇಲೆ ಬೀಳುವ ಹನಿಯ ಸದ್ದಿಗೆ ಕಪ್ಪೆಯ ಕೂಗು ಕೇಳಿಸುವುದೇ ಇಲ್ಲ.