ರೆಸಿನ್ ಕಿಟ್‌ನಿಂದ ಒಂದು ಸಿಂಪ್ಲೆಕ್ಸ್: ಕಟ್ಟಿದ ಬಗೆ, ಬಣ್ಣ ಹಚ್ಚಿದ ಬಗೆ

ಮಾದರಿ ರೈಲು ಎಂಜಿನ್ ಕಟ್ಟಲು ರೆಸಿನ್ ಕಿಟ್, ಅಂದರೆ ಅಚ್ಚಿಗೆ ಸುರಿದು ಮಾಡಿದ ಪ್ಲಾಸ್ಟಿಕ್ ಭಾಗಗಳ ಕಟ್ಟು, ತಂದು ಡಬ್ಬಿ ತೆರೆದ ಕೂಡಲೇ ಕಣ್ಣು ಹೋಗುವುದು ಬಾಡಿಯ ಮೇಲೆ. ರಿವೆಟ್‌ಗಳು ಚೂಪಾಗಿವೆಯೇ, ರೇಡಿಯೇಟರ್‌ನ ಗೆರೆಗಳು ಸರಿಯಾಗಿ ಮೂಡಿವೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇವೆ. ನೋಡಿದ ಮೇಲೆ ನಾನು ಅದನ್ನು ಪಕ್ಕಕ್ಕಿಟ್ಟು ಚಾಸಿಯನ್ನು, ಅಂದರೆ ಗಾಲಿ, ಗೇರು, ಮೋಟಾರ್ ಇರುವ ತಳಭಾಗವನ್ನು, ಕೈಗೆತ್ತಿಕೊಳ್ಳುತ್ತೇನೆ. ಹಳಿಯ ಮೇಲೆ ತಡವರಿಸದೆ, ನಿಧಾನವಾಗಿ ಓಡದ ಎಂಜಿನ್ನಿಗೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ಕೊನೆಗೆ ಕಪಾಟು ಸೇರುತ್ತದೆ. ಬಣ್ಣ ಬಳಿದಾದ ಮೇಲೆ ಚಾಸಿಯ ರಿಪೇರಿಗೆ ಕೂತರೆ ಬಣ್ಣ ಹಾಳಾಗುವುದು ಖಚಿತ. ಹಾಗಾಗಿ ಮೊದಲು ಓಟ, ಆಮೇಲೆ ನೋಟ. ಈ ಕ್ರಮವನ್ನು ನಾನು ಬಿಡುವುದಿಲ್ಲ.

ಈ ಸಲ ಕಟ್ಟಿದ್ದು 40 ಅಶ್ವಶಕ್ತಿಯ ಸಿಂಪ್ಲೆಕ್ಸ್. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ರಣರಂಗದ ಹಿಂಭಾಗದಲ್ಲಿ ಹಾಸಿದ 60 ಸೆಂಟಿಮೀಟರ್ ಹಳಿಗಳಿಗೆಂದು ಇಂಗ್ಲೆಂಡಿನ ಬೆಡ್‌ಫರ್ಡ್‌ನ ಮೋಟಾರ್ ರೈಲ್ ಕಂಪನಿ ರೂಪಿಸಿದ ಪೆಟ್ರೋಲ್ ಎಂಜಿನ್ ಇದು. ಉಗಿ ಎಂಜಿನ್ನಿನ ಹೊಗೆ ಹಗಲಲ್ಲಿ, ಅದರ ಬೆಂಕಿಗೂಡಿನ ಬೆಳಕು ರಾತ್ರಿಯಲ್ಲಿ ಶತ್ರುವಿನ ಫಿರಂಗಿಗೆ ಗುರಿ ತೋರಿಸಿಕೊಡುತ್ತಿತ್ತು. ಅದಕ್ಕೇ ಮುಂಚೂಣಿಯ ಹತ್ತಿರದವರೆಗೆ ಮದ್ದುಗುಂಡು ಒಯ್ಯುವ ಕೆಲಸ ಈ ಪುಟ್ಟ ಪೆಟ್ರೋಲ್ ಎಂಜಿನ್‌ಗಳ ಪಾಲಿಗೆ ಬಂತು. ತೆರೆದದ್ದು, ಅರೆಬರೆ ಉಕ್ಕಿನ ಹಲಗೆ ಹೊದ್ದದ್ದು, ಪೂರ್ತಿ ಕವಚ ತೊಟ್ಟದ್ದು ಎಂದು ಇದರಲ್ಲಿ ಮೂರು ಬಗೆ. ನನ್ನದು ನಡುವಿನದು. ಚಾಲಕ ಅಡ್ಡಲಾಗಿ ಕೂರುತ್ತಾನೆ, ಕತ್ತು ತಿರುಗಿಸಿದರೆ ಹಿಂದೆ ಮುಂದೆ ಎರಡೂ ದಿಕ್ಕು ಕಾಣುತ್ತದೆ. ಚಾಲಕನ ಬೊಂಬೆ ಆರಿಸುವಾಗ ಇದು ನೆನಪಿರಬೇಕು. ಮುಂದಕ್ಕೆ ಮುಖ ಮಾಡಿ ಕೂತವನನ್ನು ಒಳಗಿಟ್ಟರೆ ಇಡೀ ಎಂಜಿನ್ನೇ ಸುಳ್ಳಾಗಿ ಕಾಣುತ್ತದೆ.

ಯುದ್ಧ ಮುಗಿದ ಮೇಲೆ ಇವು ಅಗ್ಗಕ್ಕೆ ಮಾರಾಟವಾಗಿ ಕಲ್ಲುಗಣಿ, ಮರಳುಗಣಿಗಳಿಗೆ ಹೋದವು. 1919ರಲ್ಲಿ ತೆರೆದ ಇಂಗ್ಲೆಂಡಿನ ಲೇಟನ್ ಬಝರ್ಡ್ ಮರಳು ರೈಲಿನಲ್ಲಿ ಸಿಂಪ್ಲೆಕ್ಸ್‌ಗಳು ದಶಕಗಳ ಕಾಲ ದುಡಿದವು. ನಾನು ಮಾಡಬೇಕೆಂದುಕೊಂಡದ್ದು ಆ ಎರಡನೇ ಬಾಳಿನ ಎಂಜಿನ್ನನ್ನು: ಸೇನೆಯ ಬಣ್ಣದ ಮೇಲೆ ಯಾರೋ ಹಸಿರು ಬಳಿದು, ಆ ಹಸಿರೂ ಮರಳು ಧೂಳಿನಲ್ಲಿ ಮಾಸಿ, ಕೈ ತಾಗುವಲ್ಲೆಲ್ಲ ಉಕ್ಕು ಹೊಳೆಯುವ ಎಂಜಿನ್ನು. ಇದನ್ನು ಮೊದಲೇ ಗೊತ್ತುಮಾಡಿಕೊಂಡದ್ದರಿಂದ ಮುಂದೆ ಬಣ್ಣದ ಪ್ರತಿ ಹಂತದಲ್ಲೂ ದಾರಿ ತಪ್ಪಲಿಲ್ಲ.

ಕಿಟ್ ಇರುವುದು 009 ಎಂಬ ಮಾದರಿ ರೈಲಿನ ಅಳತೆಯಲ್ಲಿ. ಒಂದು ಅಡಿಗೆ 4 ಮಿಲಿಮೀಟರ್, ಅಂದರೆ 1:76. ಹಳಿಯ ಅಗಲ 9 ಮಿ.ಮೀ. ಲೆಕ್ಕ ಹಾಕಿದರೆ 60 ಸೆಂ.ಮೀ. ಹಳಿ ಈ ಅಳತೆಯಲ್ಲಿ 8 ಮಿ.ಮೀ.ಗೂ ತುಸು ಕಡಿಮೆ ಬರಬೇಕು. ಆದರೂ ಎಲ್ಲರೂ 9 ಮಿ.ಮೀ.ಗೆ ಅಂಟಿಕೊಂಡಿರುವುದು 9 ಮಿ.ಮೀ. ಹಳಿಯದೇ ಆದ ಇನ್ನೊಂದು ಮಾದರಿ ಅಳತೆ, ಎನ್ ಗೇಜ್‌ನ ಹಳಿ, ಗಾಲಿ, ಮೋಟಾರ್ ಎಲ್ಲವೂ ಸಿದ್ಧವಾಗಿ ಸಿಗುತ್ತವೆ ಎಂಬ ಕಾರಣಕ್ಕೆ. ಒಂದು ಮಿ.ಮೀ.ನ ವ್ಯತ್ಯಾಸ ನನ್ನ ಕಣ್ಣಿಗೆ ಎಂದೂ ಚುಚ್ಚಿಲ್ಲ.

ಚಾಸಿಯಾಗಿ ಬಳಸಿದ್ದು ಕಾಟೊ ಕಂಪನಿಯ ನಾಲ್ಕು ಗಾಲಿಯ ಎನ್ ಗೇಜ್ ಚಾಸಿ. ಬಾಡಿ ಕೂರಿಸುವ ಮುನ್ನ ಅದನ್ನು ವೃತ್ತಾಕಾರದ ಹಳಿಯ ಮೇಲೆ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಸಾಧಾರಣ ವೇಗದಲ್ಲಿ ಓಡಬಿಟ್ಟೆ. ಗೇರುಗಳು ಹೊಂದಿಕೊಂಡು ಸದ್ದು ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ನಿಜವಾದ ಪರೀಕ್ಷೆ ಇರುವುದು ವೇಗದಲ್ಲಲ್ಲ, ನಿಧಾನದಲ್ಲಿ. ಗಂಟೆಗೆ 10 ಕಿ.ಮೀ. ವೇಗವನ್ನು 1:76ಕ್ಕೆ ಇಳಿಸಿದರೆ ಸೆಕೆಂಡಿಗೆ ಸುಮಾರು 36 ಮಿ.ಮೀ. ಆಗುತ್ತದೆ. ಅಂದರೆ ಒಂದು ಮೀಟರ್ ಹಳಿ ದಾಟಲು ಹತ್ತಿರ ಹತ್ತಿರ ಅರ್ಧ ನಿಮಿಷ. ಆ ವೇಗದಲ್ಲಿ, ಹಳಿ ಕವಲೊಡೆಯುವ ಪಾಯಿಂಟ್‌ಗಳ ಮೇಲೂ, ಚಾಸಿ ನಿಲ್ಲದೆ ಹೋಗುವವರೆಗೆ ನಾನು ಬಾಡಿಯನ್ನು ಮುಟ್ಟಲಿಲ್ಲ. ನಾಲ್ಕೇ ಗಾಲಿಗಳಿಂದ ಕರೆಂಟ್ ಎತ್ತಿಕೊಳ್ಳುವ ಎಂಜಿನ್ನಿಗೆ ಗಾಲಿಯ ಮೇಲಿನ ಒಂದು ಸಣ್ಣ ಕಲೆಯೂ ದೊಡ್ಡ ಅಡ್ಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಗಾಲಿಗಳನ್ನು ಒರೆಸಿದ ಮೇಲೆ ಓಟದಲ್ಲಿ ಕಂಡ ವ್ಯತ್ಯಾಸ ಸಣ್ಣದಲ್ಲ.

ಇನ್ನು ರೆಸಿನ್. ಸಿಲಿಕೋನ್ ರಬ್ಬರ್ ಅಚ್ಚಿಗೆ ಪಾಲಿಯುರೆಥೇನ್ ಸುರಿದು ತೆಗೆದ ಭಾಗಗಳಿವು. ಅಚ್ಚಿನಿಂದ ಬಿಡಿಸಿಕೊಳ್ಳಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಹಚ್ಚಿ ಮಾಸ್ಕಿಂಗ್ ಟೇಪ್ ಕಿತ್ತಾಗ ಬಣ್ಣವೂ ಜೊತೆಗೆ ಎದ್ದು ಬಂದರೆ ಆಗ ಅದರ ಗುರುತು ಹತ್ತುತ್ತದೆ. ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಪ್ರತಿ ಭಾಗವನ್ನೂ ಉಜ್ಜಿ ತೊಳೆದು ಒಣಗಿಸಿದೆ. ಆಮೇಲೆ ಬರಿಗೈಯಲ್ಲಿ ಮುಟ್ಟುವುದನ್ನು ಆದಷ್ಟು ಕಡಿಮೆ ಮಾಡಿದೆ.

ತೆಳುವಾದ ಭಾಗಗಳು, ಮುಖ್ಯವಾಗಿ ಛಾವಣಿ, ಸ್ವಲ್ಪ ಬಾಗಿದ್ದವು. ರೆಸಿನ್‌ನಲ್ಲಿ ಇದು ಮಾಮೂಲು, ಗಾಬರಿಪಡಬೇಕಿಲ್ಲ. ಕೈ ತಾಳದಷ್ಟು ಬಿಸಿಯಿರುವ, ಆದರೆ ಕುದಿಯದ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿದರೆ ರೆಸಿನ್ ಮೆತ್ತಗಾಗುತ್ತದೆ. ತೆಗೆದು ಗಾಜಿನ ಹಲಗೆಯ ಮೇಲೆ ಒತ್ತಿ ಹಿಡಿದು ನೆಟ್ಟಗೆ ಮಾಡಿ, ಹಾಗೇ ತಣ್ಣೀರು ಸುರಿದರೆ ಆ ಆಕಾರದಲ್ಲೇ ನಿಲ್ಲುತ್ತದೆ. ಬಲವಂತವಾಗಿ ಬಗ್ಗಿಸಿ ಅಂಟಿನ ಜೋರಿನಿಂದ ಹಿಡಿದಿಟ್ಟರೆ ಮಾತ್ರ ಆ ಜೋಡಣೆ ಎಂದಾದರೂ ಬಿಟ್ಟುಕೊಳ್ಳುತ್ತದೆ.

ಉಜ್ಜುವ ಕೆಲಸವನ್ನೆಲ್ಲ ನೀರು ಹಾಕಿಕೊಂಡೇ ಮಾಡಿದೆ. ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಇದರಲ್ಲಿ ರಾಜಿ ಬೇಡ. ಬಾಡಿಯ ಒಳಗೋಡೆ ದಪ್ಪವಾಗಿದ್ದು ಮೋಟಾರಿಗೆ ತಾಗುತ್ತಿತ್ತು. ಅಲ್ಲಿ ಡ್ರಿಲ್‌ಗೆ ಸಣ್ಣ ಗ್ರೈಂಡಿಂಗ್ ತಲೆ ಹಾಕಿ, ಮಾಸ್ಕ್ ತೊಟ್ಟು, ಸ್ವಲ್ಪ ಸ್ವಲ್ಪವೇ ತೆಗೆದೆ. ಬೆಳಕಿಗೆ ಹಿಡಿದು ಗೋಡೆ ಎಷ್ಟು ತೆಳುವಾಯಿತು ಎಂದು ನೋಡುತ್ತಿದ್ದರೆ ತೂತು ಬೀಳುವ ಭಯವಿಲ್ಲ. ಈ ಕೆಲಸ ನಡೆಯುವಾಗ ಚಾಸಿಯನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಗೇರಿನೊಳಗೆ ಧೂಳು ಹೋದರೆ ಅಷ್ಟು ಹೊತ್ತು ಓಡಿಸಿ ಪಳಗಿಸಿದ್ದೆಲ್ಲ ವ್ಯರ್ಥ.

ಅಂಟಿನ ವಿಷಯ. ಪ್ಲಾಸ್ಟಿಕ್ ಕಿಟ್‌ಗಳ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ. ಪಾಲಿಯುರೆಥೇನ್ ಅದಕ್ಕೆ ಜಗ್ಗುವುದಿಲ್ಲ. ಸೂಪರ್‌ಗ್ಲೂ ಅಥವಾ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು. ನಾನು ಸಣ್ಣ ಭಾಗಗಳಿಗೆ ಸೂಪರ್‌ಗ್ಲೂ, ಭಾರ ಹೊರುವ ಜೋಡಣೆಗೆ ಎಪಾಕ್ಸಿ ಬಳಸಿದೆ. ಬಾಡಿಯ ಪೆಟ್ಟಿಗೆಯನ್ನು ಕೂಡಿಸುವಾಗ ಎಪಾಕ್ಸಿಯ ನಿಧಾನವೇ ವರ. ಮೂಲೆಮಟ್ಟ ಹಿಡಿದು ಸರಿಪಡಿಸಲು ಸಮಯ ಕೊಡುತ್ತದೆ. ಗಾಳಿಗುಳ್ಳೆ ಬಿಟ್ಟುಹೋದ ಸಣ್ಣ ತೂತುಗಳನ್ನು ಸೂಪರ್‌ಗ್ಲೂಗೆ ಟಾಲ್ಕಂ ಪೌಡರ್ ಬೆರೆಸಿ ತುಂಬಿದೆ. ಇದನ್ನು ಗಟ್ಟಿಯಾದ ಕೂಡಲೇ ಉಜ್ಜಿಬಿಡಬೇಕು. ತಡಮಾಡಿದರೆ ಸುತ್ತಲಿನ ರೆಸಿನ್‌ಗಿಂತ ಗಡಸಾಗಿ, ಉಜ್ಜಿದಾಗ ಪಕ್ಕದ ರೆಸಿನ್ನೇ ಸವೆದು ತಗ್ಗು ಬೀಳುತ್ತದೆ.

ಕಿಟ್‌ನಲ್ಲಿ ಅಚ್ಚಿನಲ್ಲೇ ಮೂಡಿದ್ದ ಹಿಡಿಕಂಬಿಗಳನ್ನು ಕೆರೆದು ತೆಗೆದು 0.4 ಮಿ.ಮೀ. ಹಿತ್ತಾಳೆ ತಂತಿಯವನ್ನು ಹಾಕಿದೆ. ಕಡ್ಡಾಯವಲ್ಲ, ಆದರೆ ನನ್ನ ಮಟ್ಟಿಗೆ ಇಡೀ ಮಾದರಿಯಲ್ಲಿ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಕಂಬಿಯ ಹಿಂದೆ ಬೆಳಕು ಕಂಡರೆ ಸಾಕು, ಕಣ್ಣು ಅದನ್ನು ನಿಜವಾದ ಕಂಬಿ ಎಂದು ಒಪ್ಪಿಕೊಳ್ಳುತ್ತದೆ. ಪಿನ್ ವೈಸ್ ಎಂಬ ಪುಟ್ಟ ಹಿಡಿಯಲ್ಲಿ 0.5 ಮಿ.ಮೀ. ಡ್ರಿಲ್ ಬಿಟ್ ಹಿಡಿದು ಕೈಯಿಂದಲೇ ತೂತು ಕೊರೆದೆ. ಮೊದಲು ಸೂಜಿಮೊನೆಯಿಂದ ಗುರುತು ಒತ್ತಿಕೊಂಡರೆ ಬಿಟ್ ಜಾರುವುದಿಲ್ಲ.

ಭಾರದ ಬಗ್ಗೆ ತುಸು ಹೆಚ್ಚು ಹೇಳಬೇಕು. ರೆಸಿನ್ ಹಗುರ. ಅಸಲಿ ಸಿಂಪ್ಲೆಕ್ಸ್ ಸುಮಾರು ಆರು ಟನ್ ತೂಗುತ್ತಿತ್ತು, ಎಳೆಯುವ ಶಕ್ತಿಯೆಲ್ಲ ಆ ತೂಕದಲ್ಲಿತ್ತು; ಮಾದರಿಗೂ ಅದೇ ನಿಯಮ. ಭಾರ ಹೆಚ್ಚಿದಷ್ಟೂ ಗಾಲಿ ಹಳಿಯನ್ನು ಹಿಡಿಯುತ್ತದೆ, ಕರೆಂಟೂ ಚೆನ್ನಾಗಿ ಹರಿಯುತ್ತದೆ. ಸೀಸದ ಹಾಳೆಯನ್ನು ಕತ್ತರಿಸಿ ಬಾನೆಟ್ಟಿನೊಳಗೆ, ಛಾವಣಿಯ ಕೆಳಗೆ ಎಲ್ಲೆಲ್ಲಿ ಜಾಗವಿದೆಯೋ ಅಲ್ಲೆಲ್ಲ ಎಪಾಕ್ಸಿಯಿಂದ ಅಂಟಿಸಿದೆ. ಎರಡು ಆಕ್ಸಲ್‌ಗಳ ನಡುವೆ ಬೆರಳಿಟ್ಟು ತೂಗಿ ನೋಡಿ ಭಾರ ಸಮವಾಗುವಂತೆ ಹಂಚಿದೆ. ಸೀಸಕ್ಕೆ ಬಿಳಿ ಮರದಂಟು, ಅಂದರೆ ಪಿವಿಎ, ಎಂದೂ ಬಳಸಬಾರದು. ಮುಚ್ಚಿದ ಜಾಗದಲ್ಲಿ ಅದು ನಿಧಾನವಾಗಿ ಸೀಸದೊಂದಿಗೆ ಪ್ರತಿಕ್ರಿಯಿಸಿ ಬಿಳಿಯ ಸೀಸದ ಕಾರ್ಬೊನೇಟ್ ಆಗುತ್ತದೆ, ಉಬ್ಬುತ್ತದೆ, ವರ್ಷಗಳ ಮೇಲೆ ಬಾಡಿಯನ್ನೇ ಒಳಗಿಂದ ಸೀಳುತ್ತದೆ. ಹಾಗೆ ಒಡೆದುಹೋದ ಎಂಜಿನ್‌ಗಳು ಹವ್ಯಾಸಿಗಳ ಲೋಕದಲ್ಲಿ ಬೇಕಾದಷ್ಟಿವೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವುದೂ ಅಷ್ಟೇ ಮುಖ್ಯ.

ಬಣ್ಣಕ್ಕೆ ಬರೋಣ. ಮೊದಲು ಬೂದು ಪ್ರೈಮರ್. ಸ್ಪ್ರೇ ಕ್ಯಾನನ್ನು ಬಳಸುವ ಮುನ್ನ ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದೆ, ಹನಿಗಳು ಇನ್ನೂ ನುಣ್ಣಗೆ ಬರುತ್ತವೆ. ಒಂದು ಗೇಣಿನಷ್ಟು ದೂರದಿಂದ ತೆಳುವಾಗಿ, ಬಾಡಿಯ ಅಂಚಿನಾಚೆಯಿಂದ ಶುರುಮಾಡಿ ಅಂಚಿನಾಚೆಗೇ ಮುಗಿಸಬೇಕು. ಪ್ರೈಮರ್ ಬಣ್ಣಕ್ಕೆ ಹಿಡಿತ ಕೊಡುವುದು ನಿಜ, ನಾನು ಅದನ್ನು ಹೆಚ್ಚು ನಂಬುವುದು ಪರೀಕ್ಷಕನಾಗಿ. ಬರಿಯ ರೆಸಿನ್‌ನಲ್ಲಿ ಅಡಗಿ ಕೂತ ಗೀರು, ತೂತು, ಜೋಡಣೆಯ ಗೆರೆ ಎಲ್ಲವೂ ಬೂದು ಬಣ್ಣದಡಿ ಎದ್ದು ತೋರುತ್ತವೆ. ಕಂಡದ್ದನ್ನು ತುಂಬಿ, ಉಜ್ಜಿ, ಮತ್ತೆ ಪ್ರೈಮರ್.

ಮೇಲಿನ ಬಣ್ಣಕ್ಕೆ 0.3 ಮಿ.ಮೀ. ನಳಿಕೆಯ ಏರ್‌ಬ್ರಷ್, 15ರಿಂದ 20 ಪಿಎಸ್‌ಐ ಒತ್ತಡ, ಹಾಲಿನ ಹದಕ್ಕೆ ತೆಳುವಾಗಿಸಿದ ಆಕ್ರಿಲಿಕ್. ಡಬ್ಬಿಯ ಹಸಿರನ್ನು ನೇರವಾಗಿ ಹಚ್ಚಲಿಲ್ಲ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಗಾಢವಾಗಿ ಕಾಣುತ್ತದೆ, ಆದ್ದರಿಂದ ತುಸು ತಿಳಿ ಬೂದು ಬೆರೆಸಿದೆ. ಕೆಳಗಿನ ಚೌಕಟ್ಟಿಗೂ ಅಚ್ಚ ಕಪ್ಪು ಬೇಡ. ಕಡು ಬೂದು ಹಾಕಿದರೆ ನೆರಳಿಗೆ ಇನ್ನೂ ಜಾಗ ಉಳಿಯುತ್ತದೆ, ರಿವೆಟ್‌ಗಳು ಮುಳುಗುವುದಿಲ್ಲ. ಛಾವಣಿಯ ನಡುಭಾಗ, ಬಾನೆಟ್ಟಿನ ಮೇಲ್ಮೈ, ಹೀಗೆ ಬಿಸಿಲು ಬೀಳುವ ಕಡೆ ಇನ್ನಷ್ಟು ತಿಳಿಯಾದ ಹಸಿರನ್ನು ಹಬೆಯಂತೆ ಹಾಯಿಸಿದೆ.

ಅಂಕಿಗಳ ಡೆಕಲ್, ಅಂದರೆ ತೆಳುವಾದ ಮುದ್ರಿತ ಅಂಟುಚಿತ್ರ, ಹಚ್ಚುವ ಮೊದಲು ಹೊಳಪಿನ ವಾರ್ನಿಷ್ ಕೊಡಲೇಬೇಕು. ಒರಟು ಮೇಲ್ಮೈಯಲ್ಲಿ ಡೆಕಲ್‌ನಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ, ಆಮೇಲೆ ಅದನ್ನು ಮರೆಸಲು ಆಗುವುದಿಲ್ಲ. ಡೆಕಲ್ ಮೆತ್ತಗಾಗಿಸುವ ದ್ರಾವಣ ಮುಟ್ಟಿಸಿದರೆ ಅದು ರಿವೆಟ್‌ಗಳ ಮೇಲೂ ಒರಗಿ ಕೂರುತ್ತದೆ. ಒಣಗಿದ ಮೇಲೆ ಮತ್ತೊಂದು ಪದರ ವಾರ್ನಿಷ್.

ಆಮೇಲೆ ಮಾಸಿಸುವ ಕೆಲಸ, ನನಗೆ ಅತ್ಯಂತ ಪ್ರಿಯವಾದದ್ದು. ಕಂದು-ಕಪ್ಪು ಎನಾಮಲ್ಲನ್ನು ವೈಟ್ ಸ್ಪಿರಿಟ್‌ನಲ್ಲಿ ನೀರಾಗಿಸಿ ರಿವೆಟ್ ಸಾಲು, ಬಾಗಿಲಿನ ಸಂದುಗಳಿಗೆ ಹರಿಸಿದೆ. ಒಣಗಿದ ಆಕ್ರಿಲಿಕ್ ಮತ್ತು ವಾರ್ನಿಷ್‌ಗೆ ವೈಟ್ ಸ್ಪಿರಿಟ್ ಹಾನಿ ಮಾಡುವುದಿಲ್ಲ, ಹೆಚ್ಚಾದದ್ದನ್ನು ಮೇಲಿಂದ ಕೆಳಕ್ಕೆ ಒರೆಸಿ ತೆಗೆಯಬಹುದು. ಮಳೆನೀರು ಹರಿಯುವುದೂ ಮೇಲಿಂದ ಕೆಳಕ್ಕೇ, ಆದ್ದರಿಂದ ಉಳಿದ ಗೆರೆಗಳು ಸಹಜವಾಗಿ ಕಾಣುತ್ತವೆ. ತುಕ್ಕನ್ನು ನೀರು ನಿಲ್ಲುವಲ್ಲಿ ಮಾತ್ರ ಇಟ್ಟೆ: ಹಲಗೆಗಳ ಕೆಳ ಅಂಚು, ಛಾವಣಿಯ ಮೂಲೆ. ಎಲ್ಲೆಂದರಲ್ಲಿ ಕೆಂಪು ಹಚ್ಚಿದರೆ ಅದು ಗುಜರಿಗೆ ಬಿಸಾಡಿದ ಎಂಜಿನ್ ಆಗುತ್ತದೆಯೇ ಹೊರತು ದುಡಿಯುವ ಎಂಜಿನ್ ಅಲ್ಲ. ಇಂಧನ ತುಂಬುವ ಬಾಯಿಯ ಸುತ್ತ ಹೊಳಪಿನ ಕಪ್ಪು ಕಲೆ. ಕೈ ಬ್ರೇಕಿನ ಚಕ್ರ, ಮೆಟ್ಟಿಲಂಚು, ಹಿಡಿಕಂಬಿಗಳ ಮೇಲೆ ಮೃದುವಾದ ಪೆನ್ಸಿಲ್ಲಿನ ಗ್ರಾಫೈಟ್ ಉಜ್ಜಿ ಉಕ್ಕಿನ ಹೊಳಪು ತಂದೆ. ಕೊನೆಗೆ ತಿಳಿ ಕಂದು ಪಿಗ್ಮೆಂಟ್ ಪುಡಿ ಚೌಕಟ್ಟಿನ ಕೆಳಭಾಗಕ್ಕೆ, ಮೆಟ್ಟಿಲಿಗೆ, ಚಾಲಕನ ಕಾಲಡಿಗೆ. ಮರಳು ಹೊರುವ ರೈಲಿನಲ್ಲಿ ಧೂಳು ಕೆಳಗಿಂದ ಏಳುತ್ತದೆ, ಮೇಲೇರಿದಷ್ಟೂ ತೆಳುವಾಗುತ್ತದೆ. ಪುಡಿಯ ಮೇಲೆ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್ ಹೊಡೆದರೆ ಅದರ ಅರ್ಧಭಾಗ ಮಾಯವಾಗುವುದರಿಂದ ವಾರ್ನಿಷ್ ಮೊದಲು, ಪುಡಿ ಆಮೇಲೆ ಎಂಬ ಕ್ರಮ ನನ್ನದು. ಎಂಜಿನ್ನನ್ನು ಎತ್ತುವಾಗ ಛಾವಣಿ ಹಿಡಿದು ಎತ್ತಿದರಾಯಿತು.

ಕಿಟಕಿಗಳ ಪಾರದರ್ಶಕ ಹಾಳೆಯನ್ನು ಎಲ್ಲಕ್ಕಿಂತ ಕೊನೆಗೆ, ಪಿವಿಎ ಅಂಟಿನಿಂದ ಕೂರಿಸಿದೆ. ಸೀಸಕ್ಕೆ ಬೇಡವೆಂದ ಅಂಟು ಇಲ್ಲಿ ಬೇಕೇ ಬೇಕು, ಏಕೆಂದರೆ ಸೂಪರ್‌ಗ್ಲೂವಿನ ಆವಿ ಹಾಳೆಯನ್ನು ಮಂಜು ಹಿಡಿಸುತ್ತದೆ. ಚಾಲಕನನ್ನು ಅಡ್ಡಲಾಗಿ ಕೂರಿಸಿ, ಗಾಲಿಗಳಿಗೆ ತಾಗಿದ್ದ ಪುಡಿಯನ್ನು ಒರೆಸಿ, ಕಪ್ಲಿಂಗ್‌ನ ಎತ್ತರವನ್ನು ವ್ಯಾಗನ್‌ಗಳ ಜೊತೆ ಸರಿಹೋಲಿಸಿದೆ. ಮರಳಿನ ವ್ಯಾಗನ್‌ಗಳನ್ನು ಹಿಂದೆ ಕಟ್ಟಿ ಮತ್ತೆ ಅದೇ ಪರೀಕ್ಷೆ, ಮೀಟರ್ ಹಳಿಗೆ ಅರ್ಧ ನಿಮಿಷ. ಹೊರೆ ಇದ್ದಾಗ ಬರಿಯ ಚಾಸಿಗಿಂತ ಸ್ಥಿರವಾಗಿ ಹೋಯಿತು. ಇನ್ನು ಇದೇ ಚಾಸಿಯ ಮೇಲೆ ಪೂರ್ತಿ ಕವಚದ ಬಾಡಿಯನ್ನು ಕಟ್ಟಬೇಕು. ಅದರಲ್ಲಿ ಸೀಸಕ್ಕೆ ಇನ್ನೂ ಹೆಚ್ಚು ಜಾಗವಿದೆ.